ಟ್ಯೂಬಿಂಗೆನ್‌ನಲ್ಲಿ ‘ಗೊಲ್ಗೊಥಾ’: ಕನ್ನಡದಲ್ಲೇ ಎಷ್ಟು ಹೊತ್ತು ಓದಬಹುದು?

ಬೇಳದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬೇಳದವಳು. ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ 26 ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಮನೆಯಲ್ಲಿ ಕೊಂಕಣಿ, ಪ್ರಾರ್ಥನೆಯೂ ಕೊಂಕಣಿ. ಆಫೀಸಿನ ಕಾಗದ ಎಲ್ಲ ಮಲಯಾಳ. ಓದು ಬರಹ ಮಾತ್ರ ಕನ್ನಡ.

ಸೆಪ್ಟೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಕ್ರೈಸ್ತ ಸಾಹಿತ್ಯದ ಬಗ್ಗೆ ನಾಲ್ಕು ದಿನದ ಸಮ್ಮೇಳನ ಉಂಟು. ನನ್ನ ಪ್ರಬಂಧ ಆಯ್ಕೆಯಾಗಿದೆ. ವಿಷಯ, ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’, ಯೇಸುವನ್ನು ಶಿಲುಬೆಗೇರಿಸಿದ ದಿನದ ಕಾವ್ಯ. ಸಿಕ್ಕಿರುವುದು 20 ನಿಮಿಷ. ಇಂಗ್ಲಿಷಿನಲ್ಲಿ ಮಾತಾಡಬೇಕು.

ಅದರಲ್ಲಿ ಸ್ವಲ್ಪ ಹೊತ್ತು ಕಾವ್ಯವನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಬೇಕು ಅಂತ ಆಸೆ. ಕೇಳುವವರಲ್ಲಿ ಒಬ್ಬರಿಗೂ ಕನ್ನಡ ಬಾರದೆ ಇರಬಹುದು. ಓದಬಹುದಾ? ಓದಿದರೆ ಎಷ್ಟು ಹೊತ್ತು?

ಸುಮ್ನೆ ಕೇಳುತ್ತಿಲ್ಲ. ಮೂರು ವರ್ಷದ ಹಿಂದೆ ನಮ್ಮ ದೇಶದಲ್ಲೇ ಒಂದು ಸೆಮಿನಾರಿನಲ್ಲಿ ಹೀಗೇ ಓದಲು ಶುರು ಮಾಡಿದೆ. ನಾಲ್ಕನೇ ಸಾಲಿಗೆ ಅಧ್ಯಕ್ಷರು ಕೈ ಎತ್ತಿದರು. ಅನುವಾದ ಸಾಕು, ಮುಂದೆ ಹೋಗಿ ಅಂದರು. ಪುಸ್ತಕ ಮುಚ್ಚಿದೆ. ಆಮೇಲೆ ನಾನು ಏನು ಮಾತಾಡಿದೆ ಅಂತ ಈಗಲೂ ನೆನಪಿಲ್ಲ.

ನಮ್ಮ ಬೇಳದ ಇಗರ್ಜಿ ಶೋಕಮಾತೆಯದು. 1890ರಲ್ಲಿ ಕಟ್ಟಿದ್ದು. ಮಗನನ್ನು ಶಿಲುಬೆಗೇರಿಸಿದ್ದನ್ನು ನಿಂತು ನೋಡಿದ ತಾಯಿಯ ಹೆಸರಿನಲ್ಲಿ. ಆ ಶುಕ್ರವಾರದ ಕಥೆಯನ್ನು ಚಿಕ್ಕಂದಿನಿಂದ ಕೊಂಕಣಿಯಲ್ಲಿ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು. ಬಾಯಿಗೆ ಬಂದ ಮೇಲೆ ಎದೆಗೆ ತಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಪೈಗಳ ಕನ್ನಡದಲ್ಲಿ ಅದೇ ಕಥೆ ಓದಿದೆ. ಗಟ್ಟಿ ಹಳೆಯ ಮಾತುಗಳು. ಒಂದೊಂದು ಪದಕ್ಕೂ ನಿಘಂಟು ಬಿಡಿಸಬೇಕು. ನಿಂತು ನಿಂತು ಓದಬೇಕಾಯಿತು. ಹಾಗೆ ನಿಂತಾಗ ಅಳು ಬಂತು. ಆ ಅನುಭವವನ್ನು ಅನುವಾದ ಓದಿ ಹೇಗೆ ದಾಟಿಸಲಿ?

ಸ್ಟುಟ್‌ಗಾರ್ಟಿನಿಂದ ಪೆರ್ಲದ ಹುಡುಗ

ಟೀಚರ್, ಧೈರ್ಯವಾಗಿ ಓದಿ. ಬೇರೆ ಊರಾದರೆ ನಾನೂ ಯೋಚಿಸುತ್ತಿದ್ದೆ. ಟ್ಯೂಬಿಂಗೆನ್‌ಗೆ ಕನ್ನಡ ಹೊಸತಲ್ಲ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ ಪಾದ್ರಿ ಮೋಗ್ಲಿಂಗ್ ಓದಿದ್ದು ಇಲ್ಲೇ. ತಲಶ್ಶೇರಿಯಲ್ಲಿದ್ದು ಮಲಯಾಳ ನಿಘಂಟು ಮಾಡಿದ ಗುಂಡರ್ಟ್ ಕೂಡ ಇಲ್ಲಿಯ ವಿದ್ಯಾರ್ಥಿ. ಅವರ ಪುಸ್ತಕ, ಹಸ್ತಪ್ರತಿಗಳ ಸಂಗ್ರಹ ಇಲ್ಲಿಯ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ. ಮಲಯಾಳ ಜಾಸ್ತಿ, ಕನ್ನಡವೂ ಇದೆ. ಕಿಟ್ಟೆಲ್ 1892ರಲ್ಲಿ ಜರ್ಮನಿಗೆ ವಾಪಸ್ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70 ಸಾವಿರ ಪದ. ಅವರು ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲೇ, 1903ರಲ್ಲಿ. ಮೋಗ್ಲಿಂಗ್, ಕಿಟ್ಟೆಲ್ ಇಬ್ಬರಿಗೂ ಈ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿದೆ. ಕನ್ನಡದ ಕೆಲಸಕ್ಕೆ! ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಯಾರು ಕೈ ಎತ್ತುತ್ತಾರೆ?

ಬರುವುದು ಸುಲಭ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ಹಳೇ ಪೇಟೆ ಪೂರ್ತಿ ನಡೆದೇ ನೋಡಬಹುದು, ಆದರೆ ಏರು ಜಾಸ್ತಿ, ಕಲ್ಲು ಹಾಸಿದ ಬೀದಿ. ಒಳ್ಳೆಯ ಶೂ ತನ್ನಿ. ನೆಕ್ಕರ್ ನದಿಯ ದಡದಲ್ಲಿ ಹಳದಿ ಗೋಪುರ ಕಾಣುತ್ತದೆ. ಹ್ಯೋಲ್ಡರ್ಲಿನ್ ಅನ್ನುವ ಕವಿ ಮನಸ್ಸು ಕೆಟ್ಟ ಮೇಲೆ 36 ವರ್ಷ ಇದ್ದ ಮನೆ ಅದು. ಅಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.

ಮಂಜೇಶ್ವರದ ನಿವೃತ್ತ ಮೇಷ್ಟ್ರು

ಓದುವುದು ಸರಿ. ಆದರೆ ಒಂದು ಮಾತು. ‘ಹಿಂದೂ ಕವಿಯೊಬ್ಬ ಕ್ರಿಸ್ತನ ಬಗ್ಗೆ ಬರೆದ, ಎಂಥ ಆಶ್ಚರ್ಯ’ ಅಂತ ಶುರು ಮಾಡಬೇಡಿ. ಪೈಗಳಿಗೆ ಅದು ಆಶ್ಚರ್ಯದ ಕೆಲಸ ಆಗಿರಲಿಲ್ಲ. ಬುದ್ಧನ ಕಡೆಯ ದಿನದ ಮೇಲೆ ‘ವೈಶಾಖಿ’ ಬರೆದವರೂ ಅವರೇ. ದೊಡ್ಡ ಜೀವಗಳ ಕಡೆಯ ದಿನ ಅವರನ್ನು ಎಳೆಯುತ್ತಿತ್ತು. ಎರಡನ್ನೂ ಜೊತೆಗಿಟ್ಟು ಹೇಳಿ. ಕಾವ್ಯ ಅಲ್ಲಿಯವರಿಗೆ ಬೇರೆಯೇ ಕಾಣುತ್ತದೆ.

ಇನ್ನೊಂದು, ಕಿವಿಯ ವಿಷಯ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಬರುವುದು, ಇಲ್ಲದಿದ್ದರೆ ಕನ್ನಡ ಕವಿತೆಯೇ ಅಲ್ಲ ಅನ್ನುತ್ತಿದ್ದ ಕಾಲದಲ್ಲಿ, 1911ರಲ್ಲೇ, ಪೈಗಳು ಪ್ರಾಸ ಬಿಟ್ಟರು. ಬಿಟ್ಟದ್ದರಿಂದಲೇ ಮುಂದೆ ಇಷ್ಟು ಉದ್ದದ ಕಥೆಯನ್ನು ತಡೆಯಿಲ್ಲದೆ ಹೇಳಲು ಆಯಿತು ಅಂತ ನನ್ನ ಅಭಿಪ್ರಾಯ. ಇದನ್ನು ಬಾಯಲ್ಲಿ ವಿವರಿಸಿದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಕಿವಿಗೆ ಬಿದ್ದರೆ ಆಗುತ್ತದೆ. ಹಾಗಾಗಿ ಓದು ಅಲಂಕಾರಕ್ಕಲ್ಲ, ಅದೇ ನಿಮ್ಮ ಸಾಕ್ಷಿ. ಮೂರು ನಿಮಿಷ ತೆಗೆದುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಆ ಸಾಲುಗಳ ಇಂಗ್ಲಿಷ್ ಅರ್ಥವನ್ನು ಮೊದಲೇ ಕಾಗದದಲ್ಲಿ ಎಲ್ಲರ ಕೈಗೆ ಕೊಡಿ. ಓದುವ ಮುಂಚೆ ಕ್ಷಮೆ ಕೇಳಬೇಡಿ.

ಬದಿಯಡ್ಕ

ವೀಸಾದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಕೇರಳದವರಾದರೂ ಜರ್ಮನಿಯ ಮಟ್ಟಿಗೆ ಬೆಂಗಳೂರಿನ ಕಾನ್ಸುಲೇಟಿಗೇ ಸೇರುತ್ತೇವೆ. ಶೆಂಗೆನ್ ವೀಸಾಕ್ಕೆ (ಜರ್ಮನಿ ಸೇರಿ ಯುರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಫೀಸು 90 ಯೂರೋ. 30 ಸಾವಿರ ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಆಮಂತ್ರಣ ಪತ್ರದಲ್ಲಿ ಖರ್ಚು ಯಾರದು ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಪಾಸ್‌ಪೋರ್ಟಿನ ಹೆಸರು, ಸ್ಕೂಲಿನ ಕಾಗದದ ಹೆಸರು ಒಂದೇ ಇದೆಯಾ ನೋಡಿ. ನಮ್ಮ ಕಡೆ ಮಲಯಾಳದಿಂದ ಇಂಗ್ಲಿಷಿಗೆ ಬರುವಾಗ ಹೆಸರಿನ ಸ್ಪೆಲ್ಲಿಂಗ್ ಬದಲಾಗಿರುತ್ತದೆ.

ಬೇಳದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪೆಲ್ಲಿಂಗ್ ನೋಡಿದೆ, ಒಂದು ಅಕ್ಷರ ಬೇರೆ ಇತ್ತು. ಸರಿ ಮಾಡಿಸಲು ಕೊಟ್ಟಿದ್ದೇನೆ.

ಮೇಷ್ಟ್ರೇ, ಪ್ರಬಂಧದ ಮೊದಲ ಪುಟ ಹರಿದು ಹಾಕಿದೆ. ಅದು ನೀವು ಬೇಡ ಅಂದ ಹಾಗೇ ಶುರುವಾಗಿತ್ತು. ನಿನ್ನೆ ಒಂಬತ್ತನೇ ಕ್ಲಾಸಿನಲ್ಲಿ ಓದಿ ನೋಡಿದೆ. ಮೂರೂವರೆ ನಿಮಿಷ ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಟೀಚರ್, ಅರ್ಥ ಆಗಲಿಲ್ಲ, ಇನ್ನೊಮ್ಮೆ ಓದಿ ಅಂದ. ಇನ್ನೊಮ್ಮೆ ಓದಿದೆ.

ನಾಲ್ಕು ಸಾಲು ಬಿಡಬೇಕು. ಯಾವ ನಾಲ್ಕು ಅಂತ ಗೊತ್ತಾಗುತ್ತಿಲ್ಲ. ಈ ಭಾನುವಾರ ಪೂಜೆ ಮುಗಿಸಿ ಮಂಜೇಶ್ವರಕ್ಕೆ, ಪೈಗಳ ಮನೆ ಗಿಳಿವಿಂಡಿಗೆ ಬರುತ್ತೇನೆ. ಮೇಷ್ಟ್ರೇ, ನೀವು ಬಿಡುವಾಗಿದ್ದರೆ ಅಲ್ಲಿಗೆ ಬನ್ನಿ. ನಾನು ಓದುತ್ತೇನೆ, ನೀವು ಗಡಿಯಾರ ನೋಡಿ.