ಸೀಮೆಹಸ ಗಂಡುಗರು ಹಾಕಿದ್ರೆ ನಿಮ್ ಕಡೆ ಏನ್ ಮಾಡ್ತೀರಾ? ಮನಸ್ಸಿಗೆ ತುಂಬಾ ಕಷ್ಟ ಆಗ್ತಿದೆ

ಮದ್ದೂರು_ಹುಡುಗ:

ಎಲ್ರಿಗೂ ನಮಸ್ಕಾರ. ನಮ್ದು ಮದ್ದೂರ್ ತಾಲೂಕು, ಮನೇಲಿ ಎರಡು ಸೀಮೆಹಸ ಅವೆ, ಬೆಳಿಗ್ಗೆ ಸಾಯಂಕಾಲ ಸೇರಿ 20 ಲೀಟರ್ ಡೈರಿಗೆ ಹಾಕ್ತೀವಿ. ನಾನು ಮೈಸೂರಲ್ಲಿ ಕೆಲ್ಸದಲ್ಲಿದ್ದೆ, ಅಮ್ಮನಿಗೆ ಮಂಡಿನೋವು ಜಾಸ್ತಿ ಆಗಿ ಕೊಟ್ಟಿಗೆ ಕೆಲ್ಸ ಆಗ್ತಿಲ್ಲ ಅಂತ ಆರು ತಿಂಗಳಿಂದ ಊರಲ್ಲೇ ಇದೀನಿ. 11 ದಿನದ ಹಿಂದೆ ದೊಡ್ಡ ಹಸ ಗಂಡುಗರು ಹಾಕ್ತು. ಗಿಣ್ಣು ಹಾಲು ಎರಡು ದಿನ ಚೆನ್ನಾಗೇ ಕುಡಿಸಿದ್ರು, ಆಮೇಲಿಂದ ಅಪ್ಪ ಹಸ ಸೊರೆ ಬಿಡೋವರ್ಗೂ, ಅಂದ್ರೆ ಮೊಲೆಗೆ ಹಾಲು ಇಳಿಯೋವರ್ಗೂ ಮಾತ್ರ ಕರು ಬಿಟ್ಟು ತಕ್ಷಣ ಎಳೆದು ಕಟ್ಬಿಡ್ತಾರೆ. ಹೆಣ್ಗರು ಆಗಿದ್ರೆ ಒಂದು ಮೊಲೆ ಪೂರ್ತಿ ಅದಕ್ಕೇ ಬಿಡೋರು.

ನಾನು ಬೂಸ ಕಲಸಿ ಕೈ ತೊಳಿಯೋಕೆ ಹೋಗುವಾಗ ದಾರೀಲಿ ಅದು ನನ್ ಬೆರಳು ಹಿಡ್ಕೊಂಡು ಚೀಪೋಕ್ ಶುರು ಮಾಡುತ್ತೆ. ನಾಲಿಗೆ ಉಪ್ಪುಕಾಗದ ತರ ಒರಟು, ಬಾಯೊಳಗೆ ಬಿಸಿ, ಸ್ವಲ್ಪ ಹೊತ್ತು ಚೀಪಿ ಹಾಲು ಬರಲಿಲ್ಲ ಅಂದ್ರೆ ಹಣೇಲಿ ಅಂಗೈಗೆ ಗುದ್ದುತ್ತೆ, ಕೆಚ್ಚಲಿಗೆ ಗುದ್ದೋ ತರಾನೇ. ಪಕ್ಕೆಲುಬು ಎಣಿಸ್ಬೋದು ಈಗ.

ಎರಡು ವರ್ಷದ ಹಿಂದೆನೂ ಗಂಡುಗರೇ ಆಗಿತ್ತು. ಇಪ್ಪತ್ತು ದಿನಕ್ಕೆ ಅಮ್ಮ ಫೋನಲ್ಲಿ ಕರು ಹೋಯ್ತು ಕಣಪ್ಪ ಅಂದಿದ್ರು, ನಾನು ಹೌದಾ ಅಂದು ಬೇರೆ ಮಾತಿಗೆ ಹೋದೆ, ಯಾಕ್ ಹೋಯ್ತು ಅಂತ ಕೇಳ್ಲೇ ಇಲ್ಲ. ಈಗ ಅರ್ಥ ಆಗ್ತಿದೆ. ಅಪ್ಪ ಕೆಟ್ಟ ಮನುಷ್ಯ ಅಲ್ಲ, ಸಂಕ್ರಾಂತಿ ದಿನ ಹಸಗಳಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯ್ಸೋವರ್ಗೂ ಒಂದು ತುತ್ತು ಬಾಯಿಗೆ ಹಾಕಲ್ಲ. ಅಂಥವರೇ ಹಿಂಗ್ ಮಾಡ್ತಾರೆ ಅಂದ್ರೆ ನಾನು ಏನ್ ಹೇಳ್ಲಿ. ಕೇಳಿದ್ದಕ್ಕೆ ಟ್ರ್ಯಾಕ್ಟರ್ ಬಂದ್ಮೇಲೆ ಗಂಡುಗರು ಯಾರಿಗಪ್ಪ ಬೇಕು ಅಂದ್ರು ಅಷ್ಟೆ. ನೀವೆಲ್ಲ ಏನ್ ಮಾಡ್ತೀರಾ, ಸರಿಯಾದ ದಾರಿ ಯಾವ್ದು, ದಯವಿಟ್ಟು ಹೇಳಿ.

ಕುವೆಂಪುನಗರ_ಓದುಗ:

ಬ್ರದರ್, ಓದಿ ಕಣ್ಣಲ್ಲಿ ನೀರು ಬಂತು. ನಾನು ಮೂರು ವರ್ಷದಿಂದ ಹಾಲು ಮೊಸರು ಬಿಟ್ಟಿದೀನಿ, ಕಾರಣ ಇದೇನೇ. ಹಸ ಹಾಲು ಕೊಡ್ಬೇಕು ಅಂದ್ರೆ ಕರು ಹಾಕ್ಲೇಬೇಕು, ಹಾಕೋ ಕರುಗಳಲ್ಲಿ ಹತ್ತತ್ರ ಅರ್ಧ ಗಂಡು, ಆ ಗಂಡುಗರುಗಳೆಲ್ಲ ಎಲ್ಲಿ ಹೋದ್ವು ಅಂತ ಸಿಟೀಲಿ ಪ್ಯಾಕೆಟ್ ಹಾಲು ಕಾಯಿಸೋ ಯಾರೂ ಕೇಳಲ್ಲ, ನಾನೂ ಮೂವತ್ತು ವರ್ಷ ಕೇಳಿರ್ಲಿಲ್ಲ. ನಿಮ್ಮಪ್ಪನ ಒಬ್ಬರ ತಪ್ಪು ಅಲ್ಲ ಇದು, ಕುಡಿಯೋರೆಲ್ಲರದ್ದೂ. ಹಾಲು ಅನ್ನೋ ವ್ಯವಹಾರಾನೇ ನಿಲ್ಲದೆ ಇದಕ್ಕೆ ಪರಿಹಾರ ಇಲ್ಲ ಅಂತ ನನಗನ್ಸುತ್ತೆ.

ಪಾಂಡವಪುರದ_ಅಕ್ಕ:

ಹಾಲು ಬಿಟ್ಟಿದೀರ, ನಿಮ್ ಮನಸ್ಸು ಒಳ್ಳೇದು, ಬೇಡ ಅನ್ನಲ್ಲ. ಆದ್ರೆ ನಮ್ಮನೇಲಿ ಮಗಳ ಕಾಲೇಜ್ ಫೀಸ್ ಕಟ್ಟೋದು ಡೈರಿ ಬಟವಾಡೆಯಿಂದ. ಕಬ್ಬಿನ ದುಡ್ಡು ಯಾವಾಗ ಬರ್ತದೋ ಏನೋ, ಹದಿನೈದು ದಿನಕ್ಕೊಂದ್ಸಲ ಕೈಗೆ ಕಾಸು ಅಂತ ಬರೋದು ಇದೊಂದೇ, ಅದೂ ಹೆಂಗಸ್ರ ಕೈಗೆ. ನಿಲ್ಸಿ ಅಂದ್ರೆ ಎಲ್ಲಿಗೆ ಹೋಗೋಣ.

ಮದ್ದೂರಿನ ತಮ್ಮಂಗೆ ಒಂದು ಲೆಕ್ಕ ಹೇಳ್ತೀನಿ. ಕರುಗೆ ದಿನಕ್ಕೆ 3 ಲೀಟರ್ ಹಾಲು, ಲೀಟರ್‌ಗೆ 35 ರೂಪಾಯಿ ಅಂತ ಇಟ್ಕೊ, 105 ರೂಪಾಯಿ ಆಯ್ತು. ಎರಡೂವರೆ ತಿಂಗಳು ಕುಡಿಸಿದ್ರೆ ಹತ್ತತ್ರ 8 ಸಾವಿರ. ಮುಂದಕ್ಕೆ ಮೇವು ಬೇರೆ. ಅಷ್ಟು ಹಾಕಿ ಸಾಕಿದ್ ಮೇಲೆ ಕೊಳ್ಳೋರಿಲ್ಲ. ನಮ್ ನಾಟಿ ತಳಿ ಹಳ್ಳಿಕಾರ್ ಹೋರಿಗರು ಆಗಿದ್ರೆ ಮಾತೇ ಬೇರೆ, ಮಗು ತರ ಸಾಕಿ ಹೇಮಗಿರಿ ಜಾತ್ರೆಗೋ ಮುಡುಕುತೊರೆ ಜಾತ್ರೆಗೋ ಹೊಡ್ಕೊಂಡೋಗಿ ಜೋಡಿ ಲಕ್ಷಕ್ಕೆ ಕೊಡ್ತಾರೆ. ಸೀಮೆ ಕರುಗೆ ಹೆಗಲ ಮೇಲೆ ಡುಬ್ಬ ಇಲ್ಲ, ನೊಗ ನಿಲ್ಲಲ್ಲ, ಮಧ್ಯಾಹ್ನದ ಬಿಸ್ಲಿಗೆ ನಾಲಿಗೆ ಚಾಚ್ತದೆ.

ಹಂಗಂತ ಉಪವಾಸ ಹಾಕೋದು ಸರಿ ಅಂತಿಲ್ಲ. ನನ್ ತವರಲ್ಲಿ ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಕರು ಹಿಂಗೇ ಸತ್ತೋಯ್ತು, ಕರು ಇಲ್ಲದೆ ಹಸ ಸೊರೆ ಬಿಡಲ್ಲ ಅಂತ ಅಜ್ಜ ಆ ಕರುವಿನ ಚರ್ಮ ಬಿಡ್ಸಿ ಒಳಗೆ ಹುಲ್ಲು ತುಂಬ್ಸಿ ನಾಲ್ಕು ಕಡ್ಡಿ ಕಾಲು ಮಾಡಿ ಹಸದ ಮುಂದೆ ನಿಲ್ಸೋನು. ಹಸ ಅದನ್ನ ನೆಕ್ಕೋದು, ಇವರು ಹಾಲು ಕರೆಯೋರು. ನೆಕ್ಕಿ ನೆಕ್ಕಿ ಬೆನ್ನಿನ ಮೇಲೆ ಕೂದ್ಲೆಲ್ಲ ಉದುರಿ ಚರ್ಮ ಹೊಳೀತಿತ್ತು. ಕರೆದಾದ್ಮೇಲೆ ಅದನ್ನ ಎತ್ತಿ ಅಟ್ಟದ ಮೇಲೆ ಇಡೋರು, ಹಸ ತಲೆ ಎತ್ತಿ ಅಟ್ಟದ ಕಡೆನೇ ನೋಡ್ಕೊಂಡು ನಿಂತಿರೋದು. ನನಗೀಗ ನಲವತ್ತಾರು, ಆ ನೋಟ ಮರೆತಿಲ್ಲ. ಅವತ್ತೇ ಅನ್ಕೊಂಡಿದ್ದೆ ನನ್ ಕೊಟ್ಟಿಗೇಲಿ ಯಾವ ಕರುನೂ ಹಸ್ಕೊಂಡು ಸಾಯಬಾರ್ದು ಅಂತ. ಎಂಟು ಸಾವಿರ ಲಾಸ್ ಅಂತ ನಾನು ಬರ್ಕೊಳಲ್ಲ, ಆ ಹಸದ ಹಾಲಿನ ಖರ್ಚು ಅಂತಾನೇ ಬರ್ಕೊತೀನಿ, ಬೂಸ ಹಿಂಡಿ ಬರ್ಕೊಳ್ಳಲ್ವಾ ಹಂಗೆ.

ದನದ_ಡಾಕ್ಟ್ರು_ಮೈಸೂರು:

ಅಕ್ಕ ಹೇಳಿದ ಲೆಕ್ಕ ಸರಿ ಇದೆ. ಹುಟ್ಟಿದಾಗಿನ ತೂಕದ ಹತ್ತನೇ ಒಂದು ಭಾಗ ಹಾಲು ಅಂತ ನಾವು ಹೇಳೋದು, 30 ಕೆಜಿ ಕರುಗೆ 3 ಲೀಟರ್. ಎರಡನೇ ವಾರದಿಂದ ಸ್ವಲ್ಪ ಸ್ವಲ್ಪ ಕರು ಫೀಡ್, ಎಳೇ ಹುಲ್ಲು ಅಭ್ಯಾಸ ಮಾಡ್ಸಿದ್ರೆ ಎರಡು ತಿಂಗಳ ಮೇಲೆ ಹಾಲು ಕಮ್ಮಿ ಮಾಡ್ತಾ ಬರ್ಬೋದು. ಹೊಟ್ಟೆಗಿಲ್ದೆ ಸೊರಗಿದ ಕರುಗೆ ಮೊದ್ಲು ಬರೋದು ಭೇದಿ, ಅದಾದ್ಮೇಲೆ ಎರಡು ಮೂರು ದಿನ ಬಿದ್ಕೊಂಡೇ ಇರುತ್ತೆ, ಕಣ್ಣು ಒಳಗೋಗುತ್ತೆ. ಸುಮ್ನೆ ಹೋಯ್ತು ಅಂತಾರಲ್ಲ, ಅದು ಸುಮ್ನೆ ಹೋಗೋ ಸಾವಲ್ಲ.

ಒಂದು ವಿಷ್ಯ ನನ್ನನ್ನ ಯಾವಾಗ್ಲೂ ಕೊರೀತದೆ. 2021ರಿಂದ ಜಾರೀಲಿರೋ ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಹಸ, ಕರು, ಹೋರಿ, ಎತ್ತು ಯಾವ್ದನ್ನ ಕಡಿದ್ರೂ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಸಾಕಿದ ಪ್ರಾಣಿಗೆ ಮೇವು ನೀರು ಸರಿಯಾಗಿ ಕೊಡದೆ ಇದ್ರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್ನಲ್ಲಿ ಅದೂ ಅಪರಾಧಾನೇ, ಆದ್ರೆ ಮೊದಲ್ನೇ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಗಳಿಗೇಲಿ ಮುಗಿಯೋ ಸಾವಿಗೆ ಏಳು ವರ್ಷ, ಇಪ್ಪತ್ತು ದಿನ ಎಳೆಯೋ ಸಾವಿಗೆ ಐವತ್ತು ರೂಪಾಯಿ. ಕಡೀಲಿ ಅಂತ ನಾನು ಹೇಳ್ತಿಲ್ಲ. ಗೋಮಾತೆ ಅನ್ನೋ ನಾವು ಗಂಡುಗರುವಿನ ಹಸಿವನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂತ ಹೇಳ್ತಿದೀನಿ.

ಮುಂದಿನ ಸಲ ಹಸ ಬೆದೆಗೆ ಬಂದಾಗ ಹೆಣ್ಗರು ಆಗೋ ಸೆಮನ್ ಕೇಳಿ ಹಾಕ್ಸಿ, ಹುಟ್ಟೋ ಕರುಗಳಲ್ಲಿ ನೂರಕ್ಕೆ ಹತ್ತತ್ರ ತೊಂಬತ್ತು ಹೆಣ್ಣೇ ಆಗುತ್ತೆ. ಗಬ್ಬ ನಿಲ್ಲೋದು ಮಾತ್ರ ಮಾಮೂಲಿ ಸೆಮನ್‌ಗಿಂತ ಸ್ವಲ್ಪ ಕಮ್ಮಿ, ಬೆದೆ ಟೈಮ್ ಸರಿಯಾಗಿ ನೋಡ್ಬೇಕು. ಆದ್ರೆ ಈಗಿರೋ ಕರುಗೆ ಇದ್ರಿಂದ ಏನೂ ಪ್ರಯೋಜನ ಇಲ್ಲ, ಅದಕ್ಕೆ ಇವತ್ತೇ ಹಾಲು ಕೊಡಿ.

ಕುವೆಂಪುನಗರ_ಓದುಗ:

ಅಕ್ಕ, ನೀವು ಬರೆದಿದ್ದು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾನು ಹಾಲು ಬಿಟ್ಟಿದ್ರಿಂದ ಮದ್ದೂರಿನ ಈ ಕರುಗೆ ಒಂದು ಲೋಟ ಹಾಲೂ ಸಿಗಲ್ಲ ಅನ್ನೋದು ನಿಜ. ಮತ್ತೆ ಕುಡಿಯೋಕೆ ಶುರು ಮಾಡಲ್ಲ, ಆದ್ರೆ ಈ ಕರುವಿನ ಎರಡೂವರೆ ತಿಂಗಳ ಹಾಲಿನ ದುಡ್ಡು ನಾನು ಕೊಡ್ತೀನಿ. ಬ್ರದರ್ ಮೆಸೇಜ್ ಮಾಡಿ.

ಕಬ್ಬಿನಗಾಡಿ:

ಸೀಮೆ ಕರು ನೊಗ ನಿಲ್ಲಲ್ಲ ಅನ್ನೋದು ಪೂರ್ತಿ ನಿಜ ಅಲ್ಲ ಕಣಕ್ಕ. ನಾನು ಒಂದು ಜೊತೆ ಸೀಮೆ ಎತ್ತಲ್ಲೇ ಆರು ವರ್ಷದಿಂದ ಗಾಡಿ ಹೊಡೀತಿವ್ನಿ. ಬೆಳಿಗ್ಗೆ ಐದಕ್ಕೆ ಕಟ್ಟಿ ಹತ್ತಕ್ಕೆ ಬಿಚ್ಬೇಕು, ಬಿಸ್ಲಲ್ಲಿ ಕಟ್ಟಂಗಿಲ್ಲ, ಭಾರ ಅಳತೇಲಿ ಹಾಕ್ಬೇಕು. ಸಾಧು ಅವು, ಹಾಯಕ್ಕಿಲ್ಲ ಒದೆಯಕ್ಕಿಲ್ಲ. ಒಂದೂವರೆ ವರ್ಷ ಸಾಕಿದ್ರೆ ನಾನೇ ಬಂದು ನೋಡ್ತೀನಿ.

ಮದ್ದೂರು_ಹುಡುಗ:

ಎಲ್ರಿಗೂ ಥ್ಯಾಂಕ್ಸ್. ಓದುಗ ಅವ್ರೆ, ನಿಮ್ ದುಡ್ಡು ಬೇಡ, ಬೇಜಾರ್ ಮಾಡ್ಕೋಬೇಡಿ, ಅಕ್ಕ ಹೇಳ್ದಂಗೆ ಇದು ನಮ್ಮನೆ ಖರ್ಚಲ್ಲೇ ಬರ್ಬೇಕು ಅನ್ನಿಸ್ತು. ನೆನ್ನೆ ಸಾಯಂಕಾಲ ಕರೆಯೋಕೆ ನಾನೇ ಕೂತೆ, ಒಂದು ಮೊಲೆ ಪೂರ್ತಿ ಬಿಟ್ಟೆ. ಡೈರೀಲಿ ಒಂದೂವರೆ ಲೀಟರ್ ಕಮ್ಮಿ ಬಂತು, ಅಪ್ಪ ಚೀಟಿ ನೋಡಿದ್ರು, ಮಾತಾಡ್ಲಿಲ್ಲ, ಇವತ್ತು ಬೆಳಿಗ್ಗೆನೂ ಮಾತಿಲ್ಲ. ಆದ್ರೆ ಕರು ಕುಡೀತಿರೋವಾಗ ಬಂದು ಎಳೆದು ಕಟ್ಲೂ ಇಲ್ಲ.

ಡಾಕ್ಟ್ರೇ, ಬೆಳಿಗ್ಗೆಯಿಂದ ಸಗಣಿ ಸ್ವಲ್ಪ ಬೆಳ್ಳಗೆ ನೀರು ನೀರಾಗಿದೆ, ಇಷ್ಟು ದಿನ ಅರೆಹೊಟ್ಟೇಲಿದ್ದು ಒಂದೇ ಸಲ ಜಾಸ್ತಿ ಕುಡಿದಿದ್ದಕ್ಕೆ ಇರ್ಬೋದಾ, ಹಾಲು ಕಮ್ಮಿ ಮಾಡ್ಲಾ ಹಂಗೇ ಕೊಡ್ಲಾ? ಆಟ ಆಡ್ತಿದೆ, ಬೆರಳು ಈಗ್ಲೂ ಚೀಪುತ್ತೆ.