‘ವೀರನಾರಿ’ ಅಂದರೆ ಯಾರು? ಜೊತೆಗೆ ನೆತ್ತರುಗೊಡಗೆಯ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ, ಒಂದು ಪದ ತಲೆ ತಿನ್ನುತ್ತಿದೆ. ನಮ್ಮೂರಲ್ಲಿ ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿನ ಮಾಡುತ್ತಾರೆ, ಆಮಂತ್ರಣ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ವೀರನಾರಿಯರಿಗೆ ಸನ್ಮಾನ’ ಅಂತ ಬರೆದೆ. ಅಕ್ಕನ ಮಗಳು ಓದಿ, “ಓಬವ್ವನ ವೇಷ ಹಾಕ್ತಾರಾ ಮಾಮ?” ಅಂದಳು.

ಅವಳದೇನೂ ತಪ್ಪಿಲ್ಲ. ನಮ್ಮ ಕಿವಿಗೆ ವೀರನಾರಿ ಅಂದರೆ ತಾನೇ ಒನಕೆಯನ್ನೋ ಕತ್ತಿಯನ್ನೋ ಹಿಡಿದು ನಿಂತವಳು. ಸೇನೆಯ ಬಳಕೆಯಲ್ಲಿ ಮಾತ್ರ ಅದು ಮಡಿದ ಯೋಧನ ಹೆಂಡತಿ. ‘ಯುದ್ಧವಿಧವೆ’ ಅಂತ ಅಚ್ಚು ಹಾಕಿಸಲು ಮನಸ್ಸು ಬರಲ್ಲ. ‘ವೀರಪತ್ನಿ’ ಪರವಾಗಿಲ್ಲ, ಆದರೆ ಗಂಡ ಗಟ್ಟಿಮುಟ್ಟಾಗಿ ಗಡಿ ಕಾಯುತ್ತಿದ್ದರೂ ಅವಳು ವೀರಪತ್ನಿಯೇ ಅಲ್ವಾ?

ಹಳೆಗನ್ನಡದಲ್ಲಿ ಏನಿತ್ತು ಅಂತ ಹುಡುಕಿದೆ. ಸತ್ತವನಿಗೆ ವೀರಗಲ್ಲು ಇದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗ. ಆ ಪದ ಈಗಲೂ ಜೀವಂತ. ಬೆಂಗಳೂರಿನ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವ ಭಾರಿ ಒಂಟಿಕಲ್ಲಿಗೂ ವೀರಗಲ್ಲು ಅಂತಲೇ ಹೆಸರು. ಹೆಂಡತಿಗೆ ಸಿಕ್ಕಿದ್ದು ಮಾಸ್ತಿಕಲ್ಲು, ಅಂದರೆ ಮಹಾಸತಿಯ ಕಲ್ಲು. ಕಂಬದಿಂದ ಚಾಚಿದ ಒಂದು ಕೈ, ಕೈತುಂಬಾ ಬಳೆ, ಬೆರಳ ನಡುವೆ ನಿಂಬೆಹಣ್ಣು. ಬೆಂಕಿಗೆ ಹೋದವಳಿಗೆ ಕಲ್ಲೂ ಇದೆ, ಹೆಸರೂ ಇದೆ, ಪೂಜೆಯೂ ಇದೆ. ಬಳೆ ತೆಗೆದು, ಮಕ್ಕಳನ್ನು ಕಟ್ಟಿಕೊಂಡು ಹೊಲ ಉತ್ತವಳಿಗೆ?

ಅವಳ ಹತ್ತಿರಕ್ಕೆ ಬರುವ ಪದ ನನಗೆ ಕಂಡದ್ದು ಒಂದೇ, ನೆತ್ತರುಗೊಡಗೆ. ಹೋರಾಡಿ ಸತ್ತವನ ಮನೆಯವರಿಗೆ ಬಿಡುತ್ತಿದ್ದ ಭೂಮಿ ಅದು. ನೆತ್ತರುಗೊಡಗಿ, ರಕ್ತಗೊಡಗಿ ಅಂತಲೂ ಬರೆದಿದ್ದಾರೆ, ತಮಿಳಿನಲ್ಲಿ ಉದಿರಪ್ಪಟ್ಟಿ ಅಂತ ಇದೆ. ನೆತ್ತರಿಗೆ ಕೊಟ್ಟದ್ದು ಅಂತ ನೇರವಾಗಿ, ಮುಲಾಜಿಲ್ಲದೆ ಹೇಳುವ ಪದ. ಇದನ್ನು ಕೆಲವರು ಬಾಳ್ಗಚ್ಚಿನ ಜೊತೆ ಕಲಸಿಬಿಡುತ್ತಾರೆ. ಬಾಳ್ಗಚ್ಚು ಅಂದರೆ ಕತ್ತಿ ತೊಳೆಯುವುದು; ಶೌರ್ಯಕ್ಕೆ ಮೆಚ್ಚಿ ಕೊಡುತ್ತಿದ್ದ ಆ ದತ್ತಿ ಬದುಕಿರುವ ವೀರನಿಗೂ ಸಿಗುತ್ತಿತ್ತು. ಆತಕೂರು ಶಾಸನದಲ್ಲಿ ಗಂಗರ ದೊರೆ ಬೂತುಗ ತನ್ನ ಯೋಧ ಮಣಲೇರನಿಗೆ ಕೊಟ್ಟದ್ದು ಅದೇ, ಚೋಳರ ಮೇಲೆ ನಡೆದ 949ರ ತಕ್ಕೋಲದ ಕಾಳಗ ಮುಗಿದ ಮೇಲೆ. (ಆ ಕಲ್ಲು ನೆಟ್ಟದ್ದು ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ. ನಾಯಿಗೂ ಒಂದು ಕಲ್ಲು ನೋಡಿ.)

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಯಾವುದಾದರೂ ಹೊಲಕ್ಕೆ, ಗದ್ದೆಗೆ ‘ನೆತ್ತರ’, ‘ಕೊಡಗಿ’ ಅಂತ ಹೆಸರು ಉಳಿದಿದೆಯಾ? ಹಳೇ ಪಹಣಿಯಲ್ಲೋ ಅಜ್ಜಿಯರ ಬಾಯಲ್ಲೋ ಇದ್ದರೆ ಊರಿನ ಹೆಸರಿನ ಜೊತೆ ತಿಳಿಸಿ. ಹಾಗೇ, ಗಂಡ ಕಾಳಗದಲ್ಲಿ ಸತ್ತು ತಾನು ಬದುಕುಳಿದವಳನ್ನು ಕರೆಯೋಕೆ ಆಡುಮಾತಿನಲ್ಲಿ ಬೇರೆ ಪದ ಕೇಳಿದ್ದೀರಾ? ‘ಮುಂಡೆ’ ಬೇಡ, ಅದು ಬೈಗುಳ ಆಗಿಹೋಗಿದೆ.

ಸದ್ಯಕ್ಕೆ ಆಮಂತ್ರಣದಲ್ಲಿ ‘ಮಡಿದ ಯೋಧರ ಹೆಂಡತಿಯರಿಗೆ’ ಅಂತ ತಿದ್ದಿದ್ದೇನೆ. ‘ಪತ್ನಿಯರಿಗೆ’ ಅಂತಾದರೂ ಹಾಕಿ ಅಂತ ಅಧ್ಯಕ್ಷರು ಹಟ ಹಿಡಿದಿದ್ದಾರೆ. ಅಚ್ಚಿಗೆ ಹೋಗಲು ಇನ್ನೂ ನಾಲ್ಕು ದಿನ ಇದೆ.