ಹಳೇ ಹೋಮ್ ಕಂಪ್ಯೂಟರ್ ಕೊಳ್ಳಬೇಕು, ಸ್ಪೆಕ್ಟ್ರಮ್ಮಾ ಕಮೊಡೋರಾ? ಅನುಭವ ಇದ್ದವರು ಹೇಳಿ

ಡೊಂಬಿವಲಿ ಈಸ್ಟ್:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಒಬ್ಬರ ಹತ್ತಿರ ಡಿಬಿ ಸ್ಪೆಕ್ಟ್ರಮ್ ಪ್ಲಸ್ (ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್‌ನ ಭಾರತದ ಆವೃತ್ತಿ) ಇದೆ, 8,500 ಕೇಳುತ್ತಿದ್ದಾರೆ. ಆನ್ ಮಾಡಿ ನೋಡಿಲ್ಲವಂತೆ. ಇನ್ನೊಂದು ಕಡೆ ನಮ್ಮ ಭಾವ ದೀಪಾವಳಿಗೆ ಅಮೆರಿಕದಿಂದ ಬರುವಾಗ ಕಮೊಡೋರ್ 64 ತಂದುಕೊಡುತ್ತೇನೆ ಅಂದಿದ್ದಾರೆ. ನನ್ನ ಬಜೆಟ್ 15,000. ಒಂದು ಬೆಡ್‌ರೂಮಿನ ಮನೆ, ಮಗ ಏಳನೇ ಕ್ಲಾಸು, ಅವನಿಗೆ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಆಸೆ. ಟಿವಿ ಹೊಸದು, ಆದರೆ ಎವಿ ಇನ್‌ಪುಟ್ ಒಂದಿದೆ. ಯಾವುದು ತಗೊಳ್ಳಲಿ?

ಮಾಟುಂಗಾ ಮಾಣಿ:
ಸ್ಪೆಕ್ಟ್ರಮ್ಮೇ ತಗೊಳ್ಳಿ ಮಾರಾಯ್ರೆ. ಆದರೆ 8,500 ಅನ್ನುವುದು ಬರೀ ಮುಂಗಡ ಅಂತ ತಿಳಿದುಕೊಳ್ಳಿ. ನನ್ನದು ರಬ್ಬರ್ ಕೀಲಿಯ, 48ಕೆ ಮೆಮೊರಿಯ ಸ್ಪೆಕ್ಟ್ರಮ್. ಚೋರ್ ಬಜಾರ್‌ನಲ್ಲಿ ಹಳೇ ಟೈಪ್‌ರೈಟರ್‌ಗಳ ಅಡಿಯಲ್ಲಿ ಬಿದ್ದಿತ್ತು. 3,000 ಹೇಳಿದ, 1,800ಕ್ಕೆ ಕೊಟ್ಟ. ಕೊಡುವ ಮುಂಚೆ 'ಚಾಲೂ ಹೈ ಸೇಟ್' ಅಂತ ತೋರಿಸಲು ಹೋಗಿ ಆ ಪುಣ್ಯಾತ್ಮ ಯಾವುದೋ ರೂಟರ್‌ನ ಅಡಾಪ್ಟರ್ ಚುಚ್ಚಿಬಿಟ್ಟ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್, ಅದೂ ಮಧ್ಯದ ಪಿನ್ ನೆಗೆಟಿವ್. ಇಲ್ಲಿ ಸಿಗುವ ಅಡಾಪ್ಟರ್‌ಗಳೆಲ್ಲ ಹೆಚ್ಚುಕಮ್ಮಿ ಮಧ್ಯ ಪಾಸಿಟಿವ್. ಮುಗೀತಲ್ಲ ಕಥೆ.

ಟಿಆರ್4 ಟ್ರಾನ್ಸಿಸ್ಟರ್ ಹೋಯಿತು. ಅದರ ಜೊತೆ ಮೈನಸ್ 5 ವೋಲ್ಟೂ ಹೋಯಿತು. ಕೆಳಗಿನ 16ಕೆಯ ಎಂಟು 4116 ಮೆಮೊರಿ ಚಿಪ್‌ಗಳಿಗೆ 12, 5, ಮೈನಸ್ 5 ಮೂರೂ ಬೇಕು. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಚಿಪ್ ಸತ್ತಂತೆಯೇ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಎರಡು ಟ್ರಾನ್ಸಿಸ್ಟರ್ ಮತ್ತು ಕಾಯಿಲ್ 350. ಎಂಟು 4116, ತಲಾ 180ರ ಹಾಗೆ 1,440. ಅದರಲ್ಲಿ ಮೂರು ಕೆಟ್ಟವು, ಮತ್ತೆ 540. ಕೀಬೋರ್ಡ್ ಮೆಂಬ್ರೇನ್ (ಕೀಲಿಗಳ ಕೆಳಗಿನ ತೆಳು ಹಾಳೆ) ಇಂಗ್ಲೆಂಡಿನಿಂದ 1,400, ಅಂಚೆ 900. ಡ್ಯೂಟಿ ಬೀಳಲಿಲ್ಲ, ನನ್ನ ಅದೃಷ್ಟ. ಸುಡುವ 7805 ವೋಲ್ಟೇಜ್ ರೆಗ್ಯುಲೇಟರ್ ಕಿತ್ತು ಸ್ವಿಚಿಂಗ್ ಮಾಡ್ಯೂಲ್ ಹಾಕಿದ್ದಕ್ಕೆ 650, ಕೆಪಾಸಿಟರ್ 420, ಸರಿಯಾದ ಅಡಾಪ್ಟರ್ 480. ಯಂತ್ರದ 1,800 ಸೇರಿ 7,980. ಬೆಸುಗೆ ನನ್ನದೇ, ಕೂಲಿ ಹಿಡಿದಿಲ್ಲ.

ಪ್ಲಸ್‌ಗೆ ಗಟ್ಟಿ ಕೀಲಿ ಇದೆ ಅಂತ ಮೆಂಬ್ರೇನ್ ಖರ್ಚು ಉಳಿಯಿತು ಅಂದುಕೊಳ್ಳಬೇಡಿ. ಅದರ ಕೆಳಗೂ ಅದೇ ಮೆಂಬ್ರೇನ್. ಬಾಲ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಕೊಥ್ರೂಡ್ ಧಾರವಾಡದವ:
ಸ್ಪೆಕ್ಟ್ರಮ್ ಆಟಕ್ಕೆ ಅನ್ರಿ, ಒಪ್ಪುತ್ತೇನೆ. ಹುಡುಗನಿಗೆ ಬೇಸಿಕ್ ಕಲಿಸಬೇಕು ಅಂದರೆ ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರ್ ಒಂದೇ. ನನ್ನ ಹತ್ತಿರ ಇರುವುದು ಎಸ್‌ಸಿಎಲ್ ಯೂನಿಕಾರ್ನ್, ಅಂದರೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಲೈಸೆನ್ಸ್ ತಗೊಂಡು ಮಾಡಿದ ಬಿಬಿಸಿ. 1984ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಹೋದದ್ದು ಬಿಬಿಸಿಯೇ, ಸ್ಪೆಕ್ಟ್ರಮ್ ಅಲ್ಲ ಅನ್ನುವುದು ನೆನಪಿರಲಿ. ಪ್ರೊಸೀಜರ್ ಇದೆ, ಬೇಸಿಕ್ ಒಳಗೇ ಅಸೆಂಬ್ಲರ್ ಇದೆ, ಕೀಲಿ ಒತ್ತಿದರೆ ಕೀಲಿ ಒತ್ತಿದ ಹಾಗೆ ಇರುತ್ತದೆ.

ಒಂದು ಶಾಲೆ ಲ್ಯಾಬ್ ಖಾಲಿ ಮಾಡಿತ್ತು. ಭಂಗಾರದವ, ಅಂದರೆ ಗುಜರಿಯವ, ಕಿಲೋ ಲೆಕ್ಕದಲ್ಲಿ ಎತ್ತಿಕೊಂಡು ಹೋಗಿದ್ದ. ಅವನ ಹತ್ತಿರ ಎರಡು ತಂದೆ, 900 ರೂಪಾಯಿ. ಒಂದರಲ್ಲಿ ಕೀಲಿಗಳೇ ಇರಲಿಲ್ಲ. ಇನ್ನೊಂದನ್ನು ಆನ್ ಮಾಡಿದೆ, ಟುರ್‌ ಟುರ್‌ ಅಂತ ಸದ್ದಾಗಿ ಪರದೆಯ ಮೇಲೆ 32ಕೆ ಅಂತ ಬಂತು. ಖುಷಿಪಟ್ಟು ಚಹಾ ಕುಡಿಯುತ್ತಾ ಕೂತಿದ್ದಾಗ ಟಪ್! ಪವರ್ ಸಪ್ಲೈನಿಂದ ಹೊಗೆ. ಪರದೆ, ಹೊದಿಕೆ ಎಲ್ಲ ಒಗೆಯಬೇಕಾಯಿತು, ಅಂಥಾ ಕಮಟು. ಹೆಚ್ಚಿನ ಬಿಬಿಸಿಗಳಲ್ಲಿ ಇದೇ ಹಾಡು. ಮೇನ್ಸ್ ಫಿಲ್ಟರ್‌ನ ಎಕ್ಸ್2 ಕೆಪಾಸಿಟರ್ ಬಿರುಕು ಬಿಟ್ಟು ತೇವ ಎಳೆದುಕೊಂಡಿರುತ್ತದೆ. ಪುಣೆಯ ಪಸೋಡ್ಯಾ ವಿಠೋಬಾ ಗುಡಿಯ ಹತ್ತಿರ 15 ರೂಪಾಯಿಗೆ ಹೊಸದು ಸಿಗುತ್ತದೆ. ಹೊಗೆ ಬಂದರೂ ಯಂತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಾಕಿ ಮುಂದೆ ನಡೀರಿ.

ಖರ್ಚು ಬಿದ್ದದ್ದು ಬಣ್ಣಕ್ಕೆ. ಬಿಬಿಸಿಯ ವಿಡಿಯೋ ಪಿನ್ನಿನಲ್ಲಿ ಬರುವುದು ಕಪ್ಪು ಬಿಳುಪು. ಬೋರ್ಡ್ ಮೇಲೆ ಒಂದು ಲಿಂಕ್ ಬೆಸೆದರೆ ಬಣ್ಣ ಬರುತ್ತದೆ, ಆದರೆ ಅಕ್ಷರ ಕಲಸಿದ ಹಾಗೆ ಕಾಣುತ್ತದೆ. ಕೊನೆಗೆ ಆರ್‌ಜಿಬಿಯಿಂದ ಎಚ್‌ಡಿಎಂಐಗೆ ಬದಲಿಸುವ ಬೋರ್ಡ್ ತರಿಸಿದೆ, ಪೈ ಜೀರೋ ಸೇರಿ 5,600. ಎಸ್‌ಡಿ ಕಾರ್ಡಿನ ಇಂಟರ್‌ಫೇಸ್ 2,300. ಮನೆಯವರು ಇನ್ನೂ ಬೈಯುತ್ತಾರೆ, ಬೈಯಲಿ.

ಮಾಟುಂಗಾ ಮಾಣಿ:
900ಕ್ಕೆ ಎರಡು ಬಿಬಿಸಿ ಸಿಕ್ಕಿದ್ದು ನಿಮ್ಮ ಜಾತಕ. ಅವರು ಕೇಳಿದ್ದು ಸ್ಪೆಕ್ಟ್ರಮ್ ಮತ್ತು ಕಮೊಡೋರ್ ಬಗ್ಗೆ. ಬಿಬಿಸಿ ಎಲ್ಲಿಂದ ತರಬೇಕು ಅವರು, ನಿಮ್ಮ ಅಟ್ಟದಿಂದಲಾ?

ವಾಸ್ಕೋ ಅಕ್ಕ:
ನನ್ನದನ್ನೂ ಕೇಳಿ. ನಮ್ಮಣ್ಣ ಹಡಗಿನಲ್ಲಿದ್ದ. 1991ರಲ್ಲಿ ಅಮಿಗಾ 500 ತಂದ. ಅವನು ಕೆನಡಾಕ್ಕೆ ಹೋದ ಮೇಲೆ ಅಟ್ಟ ಸೇರಿತು. ಇಳಿಸಿದಾಗ ಹೊರಗೆ ಹಳದಿ ಬಿಟ್ಟರೆ ಎಲ್ಲ ಸರಿ ಅಂತ ಕಂಡಿತು. ಕೆಳಗಿನ ಮುಚ್ಚಳ ತೆಗೆದೆ. ಅಲ್ಲಿ ಅರ್ಧ ಎಂಬಿ ಮೆಮೊರಿ ಕಾರ್ಡ್, ಅದರ ಮೇಲೆ ಗಡಿಯಾರಕ್ಕೆ ಅಂತ ಒಂದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಸೋರಿ ಸೋರಿ ಸುತ್ತ ಹಸಿರು ಬೂಷ್ಟು. ತಾಮ್ರದ ಗೆರೆಗಳನ್ನು ತಿಂದು, ಕನೆಕ್ಟರ್ ಪಿನ್‌ಗಳ ತನಕ ಹರಿದಿತ್ತು.

ಪಣಜಿಯಲ್ಲಿ ಒಬ್ಬರಿಗೆ ಕೊಟ್ಟೆ. 2,500 ತಗೊಂಡು, ಎರಡು ಗೆರೆಗಳನ್ನು ಬೋರ್ಡಿನಿಂದಲೇ ಎಬ್ಬಿಸಿ ವಾಪಸ್ ಕೊಟ್ಟರು. 'ಹಳೇ ಮಾಲು ಮೇಡಂ, ಹೀಗೇ ಆಗೋದು' ಅಂದರು. ಬಸ್ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಕಳಿಸಿದೆ, ಹೋಗಿ ಬರಲು 900, ರಿಪೇರಿ 4,000. ವಿನೆಗರ್ ಹಚ್ಚಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಆಮೇಲೆ ಐಸೋಪ್ರೊಪೈಲ್‌ನಲ್ಲಿ ತೊಳೆದು, ಸಣ್ಣ ತಂತಿ ಎಳೆದು ಕೊಟ್ಟರು. ಅಷ್ಟು ಹೊತ್ತಿಗೆ ಫ್ಲಾಪಿಗಳಿಗೆಲ್ಲ ಬೂಸಲು ಹಿಡಿದಿತ್ತು. ಫ್ಲಾಪಿ ಬದಲು ಯುಎಸ್‌ಬಿ ಕಡ್ಡಿ ಓದುವ ಗೊಟೆಕ್ ಹಾಕಿಸಿದೆ, 2,200. ಒಟ್ಟು 9,600, ಬಳುವಳಿಯಾಗಿ ಬಂದ ಕಂಪ್ಯೂಟರ್‌ಗೆ!

ನೀವು ಮುಂಬೈ ಪುಣೆಯವರು ವೋಲ್ಟ್ ಲೆಕ್ಕ ಹಾಕುತ್ತಾ ಕೂರುತ್ತೀರಿ. ಗೋವಾದಲ್ಲಿ ಉಪ್ಪುಗಾಳಿಯ ಲೆಕ್ಕ. ಒಳಗಿನ ತಗಡಿನ ಶೀಲ್ಡ್ ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಬರುತ್ತದೆ. ಮಳೆಗಾಲದಲ್ಲಿ ಕ್ಯಾಮೆರಾದವರು ಇಡುವ ಡ್ರೈ ಬಾಕ್ಸ್‌ನಲ್ಲಿ ಕೀಬೋರ್ಡ್ ಹಿಡಿಸುವುದಿಲ್ಲ, ಅಕ್ಕಿ ಡಬ್ಬಿ ಖಾಲಿ ಮಾಡಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ. ಡೊಂಬಿವಲಿಯಲ್ಲೂ ಜುಲೈ ಬರುತ್ತದೆ ಅಲ್ವಾ? ಯೋಚನೆ ಮಾಡಿ.

ಠಾಣೆ ಘೋಡ್‌ಬಂದರ್:
ಇಷ್ಟೆಲ್ಲ ಓದಿ ನಗು ಬಂತು. ಫ್ಯೂಸ್, ವೈಸ್ ಎರಡೂ ಪುಕ್ಕಟೆ ಎಮ್ಯುಲೇಟರ್, ಅಂದರೆ ಸ್ಪೆಕ್ಟ್ರಮ್, ಕಮೊಡೋರ್‌ಗಳನ್ನು ಅನುಕರಿಸುವ ತಂತ್ರಾಂಶ. ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಿ, ಇವತ್ತು ಸಂಜೆಯೇ ಹುಡುಗ ಬೇಸಿಕ್ ಶುರು ಮಾಡುತ್ತಾನೆ. 15,000 ಬ್ಯಾಂಕಿನಲ್ಲಿ ಇರಲಿ. 40 ವರ್ಷದ ಪ್ಲಾಸ್ಟಿಕ್‌ಗೆ ಯಾಕೆ ಪೂಜೆ?

ಕೊಥ್ರೂಡ್ ಧಾರವಾಡದವ:
ಸರ್, ಹಾಗಿದ್ದರೆ ನೀವು ಈ ಮಾತುಕತೆಯಲ್ಲಿ ಯಾಕೆ ಇದ್ದೀರಿ? ವೀಣೆ ಕೊಳ್ಳಬೇಕು ಅಂದವನಿಗೆ ಮೊಬೈಲ್‌ನಲ್ಲಿ ಕೇಳು ಅಂತೀರಾ?

ಮಾಟುಂಗಾ ಮಾಣಿ:
ಕಳೆದ ವರ್ಷ ನನ್ನ ಸ್ಪೆಕ್ಟ್ರಮ್‌ಗೆ ಏಳು ಸಾವಿರ ಕೊಡುತ್ತೇನೆ ಅಂತ ಬೆನ್ನು ಬಿದ್ದದ್ದು ಇದೇ ಘೋಡ್‌ಬಂದರ್ ಸರ್. ನಾನು ಕೊಡಲಿಲ್ಲ. ಅವತ್ತಿನಿಂದ ಇವರಿಗೆ ಎಮ್ಯುಲೇಟರ್ ಚಂದ ಕಾಣುತ್ತಿದೆ.

ಠಾಣೆ ಘೋಡ್‌ಬಂದರ್:
ಅದು ಬೇರೆ ವಿಷಯ. ಖಾಸಗಿ ಮಾತನ್ನು ಇಲ್ಲಿ ತರುವುದು ಸರಿಯಲ್ಲ. ಮತ್ತೆ, ಆರು ಸಾವಿರ ಅಂದಿದ್ದೆ, ಏಳಲ್ಲ.

ಮುಲುಂಡ್ ಮೇಷ್ಟ್ರು:
ಕಮೊಡೋರ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನನ್ನ ತಂಗಿಯ ಮಗ ನ್ಯೂಜೆರ್ಸಿಯಿಂದ ತಂದ, 150 ಡಾಲರ್, ನಮ್ಮ ದುಡ್ಡಲ್ಲಿ 12,500. ಅಮೆರಿಕದ ಯಂತ್ರ ಎನ್‌ಟಿಎಸ್‌ಸಿ, ಅಂದರೆ ಅಲ್ಲಿಯ ಟಿವಿ ಪದ್ಧತಿಯದು. 117 ವೋಲ್ಟ್, 60 ಹರ್ಟ್ಸ್. 1,900 ಕೊಟ್ಟು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ವೋಲ್ಟ್ ಇಳಿಯಿತು, ಹರ್ಟ್ಸ್ 50 ಹಾಗೇ ಉಳಿಯಿತು. ಯಂತ್ರದ ಒಳಗಿನ ಗಡಿಯಾರ 9 ವೋಲ್ಟ್ ಎಸಿಯ ಹರ್ಟ್ಸ್ ಎಣಿಸಿ ನಡೆಯುತ್ತದೆ, ಆದ್ದರಿಂದ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ನಗಬೇಡಿ.

ಆ ಕರೀ ಇಟ್ಟಿಗೆಯಂಥ ಪವರ್ ಸಪ್ಲೈ ಇದೆಯಲ್ಲ, ಅದನ್ನು ಮಾತ್ರ ಯಾರೂ ಚುಚ್ಚಬೇಡಿ. ಒಳಗೆ ಎಪಾಕ್ಸಿ ತುಂಬಿರುತ್ತದೆ, ಬಿಚ್ಚಲು ಬರುವುದಿಲ್ಲ. ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ತಂತಿಯಲ್ಲಿ ಜಾಸ್ತಿ ಹರಿದು ಮೊದಲು ಮೆಮೊರಿ ಸಾಯುತ್ತದೆ. ನಾನು ಹೊಸದು ಮಾಡಿಸಿದೆ, 2,400. ಟ್ರಾನ್ಸ್‌ಫಾರ್ಮರ್ ಈಗ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಬಿದ್ದಿದೆ. ಆಮೇಲೆ ಪಿಎಲ್‌ಎ ಚಿಪ್ ಹೋಯಿತು, ಬರೀ ಕಪ್ಪು ಪರದೆ, 1,600. ಯುರೋಪಿನ ಡೆಮೋಗಳು (ಚಿತ್ರ, ಸಂಗೀತದ ಪ್ರದರ್ಶನ ಪ್ರೋಗ್ರಾಮುಗಳು) ಓಡಲಿ ಅಂತ ಪ್ಯಾಲ್ ಟಿವಿ ಪದ್ಧತಿಗೆ ಬದಲಿಸಿದೆ. 6567 ತೆಗೆದು 6569 ವಿಡಿಯೋ ಚಿಪ್, ಕ್ರಿಸ್ಟಲ್ ಬದಲು, 5,800. ಒಟ್ಟು 24,200. ಆದರೆ ಕಮೊಡೋರ್‌ನ ಸಂಗೀತದ ಸಿಡ್ ಚಿಪ್‌ನ ಶಬ್ದ ಒಂದು ಸಲ ಸ್ಟೀರಿಯೋದಲ್ಲಿ ಕೇಳಿ ನೋಡಿ. ಸ್ಪೆಕ್ಟ್ರಮ್‌ನ ಕೀಂ ಕೀಂ ಅನ್ನುವ ಬೀಪರ್ ಅದರ ಮುಂದೆ ಏನೂ ಅಲ್ಲ.

ಡೊಂಬಿವಲಿ ಈಸ್ಟ್:
ಮೇಷ್ಟ್ರೇ, ಹಾಗಾದರೆ ಭಾವನಿಗೆ ಬೇಡ ಅನ್ನಲಾ? ಅಥವಾ ಇಂಗ್ಲೆಂಡಿನದು ತರಿಸಲಾ?

ಮುಲುಂಡ್ ಮೇಷ್ಟ್ರು:
ಇಂಗ್ಲೆಂಡಿನದು ಪ್ಯಾಲ್, 240 ವೋಲ್ಟ್, ತೊಂದರೆ ಇಲ್ಲ. ಆದರೆ ಆಂಟೆನಾ ಪಿನ್ನಿಗೆ ಹಾಕಿದರೆ ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ. ಟಿವಿ ಶಬ್ದಕ್ಕೆ ಅವರದು 6.0 ಮೆಗಾಹರ್ಟ್ಸ್, ನಮ್ಮದು 5.5. ಎವಿಯಲ್ಲೇ ಹಾಕಿ.

ಮಾಟುಂಗಾ ಮಾಣಿ:
ಸ್ಪೆಕ್ಟ್ರಮ್‌ಗೆ ಆ ರಗಳೆಯೇ ಇಲ್ಲ, ಸ್ಪೀಕರ್ ಹೊಟ್ಟೆಯೊಳಗೇ ಇದೆ! ಮೇಷ್ಟ್ರು ಕೀಂ ಕೀಂ ಅಂದರಲ್ಲ, ನೆನಪಾಯಿತು. ಟೇಪ್ ಬೇಡ, ಮೊಬೈಲ್‌ನಿಂದ ಇಯರ್ ಪಿನ್ನಿಗೆ ವೈರ್ ಹಾಕಿ, ವಾಲ್ಯೂಮ್ ಪೂರ್ತಿ. ಮೊದಲು ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿ ಓಡುತ್ತದೆ, ಆಮೇಲೆ ನೀಲಿ ಹಳದಿ. ಮಗ ಎವೆ ಇಕ್ಕದೆ ನೋಡುತ್ತಿರುತ್ತಾನೆ. ಅಷ್ಟರಲ್ಲಿ ಸಾಲ ಬೇಕಾ ಅಂತ ಯಾರಾದರೂ ಫೋನ್ ಮಾಡುತ್ತಾರೆ. 'ಆರ್ ಟೇಪ್ ಲೋಡಿಂಗ್ ಎರರ್'. ಏರೋಪ್ಲೇನ್ ಮೋಡ್ ಹಾಕಿಡಿ.

ಕೊಥ್ರೂಡ್ ಧಾರವಾಡದವ:
ಮಾಣಿಯವರೇ, ಒಂದು ಕೇಳ್ತೀನಿ. ಎಂಟರಲ್ಲಿ ಮೂರು ಚಿಪ್ ಕೆಟ್ಟದ್ದು ಅಂದಿರಲ್ಲ, ಮುಂಬೈನ ಲ್ಯಾಮಿಂಗ್ಟನ್ ರೋಡಿನದೇ ಅಲ್ವಾ? ಅಲ್ಲಿಯ ಮಾಲು ಅಂದರೆ ಅಷ್ಟೇ. ಅಸಿಟೋನ್ ಹಚ್ಚಿ ಹತ್ತಿಯಿಂದ ಒರೆಸಿ ನೋಡಿ, ಬಿಳಿ ಅಕ್ಷರ ಕರಗಿ ಕೆಳಗೆ ಬೇರೆ ನಂಬರ್ ಕಾಣುತ್ತದೆ. ಪುಣೆಯಲ್ಲಿ ಅಂಗಡಿಯವರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತಾರೆ.

ಮಾಟುಂಗಾ ಮಾಣಿ:
ನಿಮ್ಮ ಪುಣೆಯ ಅಂಗಡಿಯವರು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲು ಹಾಕಿಕೊಂಡು ಮಲಗಿದರೆ ಮೋಸ ಮಾಡಲು ಹೊತ್ತೆಲ್ಲಿರುತ್ತದೆ! ನಿಮ್ಮ ಬುಧವಾರ ಪೇಠೆಗೆ ಮಾಲು ಬರುವುದು ಎಲ್ಲಿಂದ ಅಂದುಕೊಂಡಿದ್ದೀರಿ? ಲ್ಯಾಮಿಂಗ್ಟನ್ ರೋಡಿನಿಂದಲೇ. ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಾನೇ ಕಣ್ಣಾರೆ ನೋಡಿದ್ದೇನೆ, ಪುಣೆಯ ಪಾರ್ಸೆಲ್ ಕಟ್ಟುವುದನ್ನು.

ಮುಲುಂಡ್ ಮೇಷ್ಟ್ರು:
ನಕಲಿ ನಕಲಿ ಅಂತ ಇಷ್ಟು ಕೂಗಾಡುತ್ತೀರಿ. ಸಿಂಕ್ಲೇರ್ ಕಂಪನಿಯೇ ಮೇಲಿನ 32ಕೆಗೆ ಹಾಕಿದ್ದು ಅರ್ಧ ಕೆಟ್ಟ 64ಕೆ ಚಿಪ್. ಕೆಲಸ ಮಾಡುವ ಅರ್ಧವನ್ನು ಮಾತ್ರ ಬಳಸಿ ದುಡ್ಡು ಉಳಿಸಿದರು. ಅಂಥ ಯಂತ್ರಕ್ಕೆ ಅಸಲಿ ಚಿಪ್ ಬೇಕಂತೆ!

ಮಾಟುಂಗಾ ಮಾಣಿ:
ಅದಕ್ಕೇ ಅಷ್ಟು ಅಗ್ಗಕ್ಕೆ ಮಾರಲು ಆಯಿತು. ಬಡವರ ಮನೆಗೂ ಹೋಯಿತು. ನಿಮ್ಮ ಕಮೊಡೋರ್ ಆಗ ಇಲ್ಲಿ ಯಾರ ಮನೆಯಲ್ಲಿತ್ತು, ಹೇಳಿ ನೋಡೋಣ.

ವಾಸ್ಕೋ ಅಕ್ಕ:
ಸಾಕು ಮಾಡ್ರೋ. ಡೊಂಬಿವಲಿಯವರೇ, ಪುಣೆಗೆ ಹೋಗುವಾಗ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋಗಿ. ತಳದ ಸ್ಕ್ರೂ ಬಿಚ್ಚಿ ಬೋರ್ಡ್ ನೋಡಲು ಬಿಡದಿದ್ದರೆ ಎದ್ದು ಬನ್ನಿ. ತುಕ್ಕು ಇದ್ದರೆ ಅರ್ಧ ಬೆಲೆ ಕೇಳಿ. ಅವರು ಅಡಾಪ್ಟರ್ ಹಾಕಲು ಬಂದರೆ ಕೈ ಹಿಡಿದುಕೊಳ್ಳಿ.

ಡೊಂಬಿವಲಿ ಈಸ್ಟ್:
ಥ್ಯಾಂಕ್ಸ್ ಅಕ್ಕ. ಭಾನುವಾರ ಹೋಗುತ್ತಿದ್ದೇನೆ. 4116 ಚಿಪ್ ಈಗಲೇ ತೆಗೆದಿಡಬೇಕಾ?

ಕೊಥ್ರೂಡ್ ಧಾರವಾಡದವ:
ಭಾನುವಾರ ಬರ್ತೀರಾದರೆ ಜೂನಾ ಬಜಾರ್ ಕೂಡ ಇರುತ್ತದೆ, ಒಂದು ಸುತ್ತು ಹಾಕಿ. 4116 ನನ್ನ ಹತ್ತಿರ ಹದಿನಾರು ಇವೆ, ಹಳೇ ಟರ್ಮಿನಲ್ ಒಂದರಿಂದ ಕಿತ್ತದ್ದು. ತಲಾ 150.

ಮಾಟುಂಗಾ ಮಾಣಿ:
150? ಭಂಗಾರದಲ್ಲಿ ಎತ್ತಿದ್ದಕ್ಕೆ? 100 ಮಾಡಿ, ಎಂಟು ನನಗಿರಲಿ. ಎಲ್ಲ ಒಂದೇ ಕಂಪನಿಯದಾ? ಟೆಸ್ಟ್ ಮಾಡಿದ್ದೀರಾ?

ಕೊಥ್ರೂಡ್ ಧಾರವಾಡದವ:
ಲ್ಯಾಮಿಂಗ್ಟನ್ ರೋಡಿನಲ್ಲಿ 180 ಕೊಟ್ಟು ಮೂರು ಕೆಟ್ಟದ್ದು ತಂದವರು ನನ್ನ ಹತ್ತಿರ ಚೌಕಾಸಿ ಮಾಡ್ತೀರಲ್ರಿ. ಟೆಸ್ಟ್ ಆಗಿದೆ, ಅಸಿಟೋನ್‌ನಲ್ಲಿ ಒರೆಸಿಯೂ ಆಗಿದೆ. 140. ಕೊರಿಯರ್ ನಿಮ್ಮದು. ಡೊಂಬಿವಲಿಯವರಿಗೆ ಮೊದಲ ಎಂಟು, ಕೈಯಲ್ಲೇ ಕೊಡುತ್ತೇನೆ.